ನಿಮಗೆ ಅಷ್ಟು ತಾಳ್ಮೆ ಎಲ್ಲಿಂದ ಬಂತು ಮಾರಾಯ್ರೆ?

ಅಮ್ಮ ತೀರಿಕೊಂಡ ಮೇಲೆ ಇದು ಎರಡನೇ ಮಳೆಗಾಲ. ಈ ಪ್ರಶ್ನೆ ಮಾತ್ರ ಇನ್ನೂ ನಿಂತಿಲ್ಲ. ಭಾನುವಾರ ಆರಾಧನೆ ಮುಗಿದು ಚರ್ಚ್ ಅಂಗಳದಲ್ಲಿ ನಿಂತಾಗ ಕೇಳುತ್ತಾರೆ, ಮದುವೆ ಹಾಲ್‌ನಲ್ಲಿ ಊಟಕ್ಕೆ ಕಾಯುವಾಗ ಕೇಳುತ್ತಾರೆ, ಮೊನ್ನೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗಲೂ ಒಬ್ಬರು ಕೊಡೆ ಮಡಚುತ್ತಾ ಕೇಳಿದರು: ಮೂರು ವರ್ಷ ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಂಡಿರಲ್ಲ, ಅಷ್ಟು ತಾಳ್ಮೆ ಎಲ್ಲಿಂದ ಬಂತು ನಿಮಗೆ? ಕೆಲವರು ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ. ಕಷ್ಟ ಬಂದರೆ ಮನುಷ್ಯ ಚಿನ್ನದ ಹಾಗೆ ಪುಟಕ್ಕೆ ಬೀಳುತ್ತಾನೆ ಅಲ್ವಾ, ದೇವರು ನಿಮ್ಮನ್ನು ಒಳ್ಳೆ ಮಾಡಿದ ಅಂತ.

ನಾನು ಸುಮ್ನೆ ತಲೆ ಆಡಿಸುತ್ತಿದ್ದೆ. ಅದು ಸರಿಯಲ್ಲ ಅನಿಸುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ತಾಳ್ಮೆ ಇರಲೇ ಇಲ್ಲ. ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ ಬಲಗಾಲು ಹೋಯಿತು, ಮಾತೂ ಹೋಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ನೀರು ಕುಡಿಸಿದರೆ ಗಂಟಲಲ್ಲಿ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗುವ ಭಯ, ಹಾಗಾಗಿ ಎಲ್ಲವೂ ಮಂದ, ಗಂಜಿಯನ್ನೂ ಅರೆದು ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಬೇಕು, ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ. ನಾನು ಒಬ್ಬನೇ ಮಗ.

ಒಂದು ರಾತ್ರಿಯ ಕತೆ ಹೇಳುತ್ತೇನೆ. ಜುಲೈ ತಿಂಗಳು, ಎರಡು ಗಂಟೆ ಇರಬೇಕು. ಕರೆಂಟ್ ಹೋಗಿ ಏರ್ ಬೆಡ್‌ನ ಮೋಟರ್ ನಿಂತಿತ್ತು. ಬಟ್ಟೆ ಬದಲಿಸಿ ಮಲಗಿ ಹತ್ತು ನಿಮಿಷ ಆಗಿಲ್ಲ, ಮತ್ತೆ ಒದ್ದೆ. ಟಾರ್ಚ್ ಬೆಳಕಲ್ಲಿ ಅದನ್ನು ನೋಡಿದವನೇ ಕಿರುಚಿದೆ: "ಒಂದು ಸಲ ಕರೆಯಲಿಕ್ಕೆ ಆಗುವುದಿಲ್ವಾ ನಿನಗೆ?" ಮಾತೇ ಇಲ್ಲದವಳನ್ನು ಕರೆಯಲಿಕ್ಕೆ ಆಗುವುದಿಲ್ವಾ ಅಂತ ಕೇಳಿದೆ. ಅಮ್ಮ ಎಡಗೈಯಲ್ಲಿ ಹೊದಿಕೆ ಎಳೆದು ಮುಖ ಮುಚ್ಚಿಕೊಂಡಳು.

ಬೆಳಿಗ್ಗೆ ಗಂಜಿ ಕೊಡುವಾಗ ಚಮಚ ಅರ್ಧ ದಾರಿಯಲ್ಲಿ ನಿಲ್ಲಿಸಿ, "ನನ್ನದು ತಪ್ಪಾಯ್ತು ಅಮ್ಮ" ಅಂದೆ. ಅವಳು ಗೋಡೆ ನೋಡುತ್ತಿದ್ದಳು. ಎರಡನೇ ಚಮಚ ಬಾಯಿಗೆ ಹೋದ ಮೇಲೆ ನನ್ನ ಕಡೆ ತಿರುಗಿ, ಕಷ್ಟಪಟ್ಟು, "ಉಪ್ಪು" ಅಂದಳು. ಒಂದು ವಾರದಲ್ಲಿ ಬಂದ ಮೊದಲ ಸರಿಯಾದ ಮಾತು ಅದು. ನಾನು ಗಂಜಿಗೆ ಉಪ್ಪೇ ಹಾಕಿರಲಿಲ್ಲ. ಕ್ಷಮಿಸಿದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಆದರೆ ಆಮೇಲೆ ಪ್ರತಿ ಸಲ ಕೂಗಾಡಿದಾಗಲೂ (ಆಗಾಗ ಕೂಗಾಡುತ್ತಿದ್ದೆ, ಸುಳ್ಳು ಯಾಕೆ) ಬೆಳಿಗ್ಗೆ ಕೂತು ತಪ್ಪಾಯ್ತು ಅನ್ನುವುದನ್ನು ಬಿಡಲಿಲ್ಲ. ಮೂರನೇ ವರ್ಷದ ಹೊತ್ತಿಗೆ ಕೂಗಾಟ ಕಮ್ಮಿಯಾಗಿತ್ತು. ಜನ ನೋಡಿದ್ದು ಆ ಮೂರನೇ ವರ್ಷದ ನನ್ನನ್ನು.

ಚಿನ್ನದ ಹೋಲಿಕೆ ನನಗೆ ಹಿಡಿಸುವುದಿಲ್ಲ. ಅಜ್ಜ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿದ್ದವರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಹಂಚು ಮಾಡಲು ಶುರು ಮಾಡಿದವರು. ಅಜ್ಜನ ಕಾಲಕ್ಕೆ ಮಾಲೀಕರು ಬೇರೆಯಾಗಿದ್ದರೂ ನಮ್ಮ ಮನೆಯಲ್ಲಿ ಅದು ಕೊನೆವರೆಗೂ ಮಿಷನ್ ಕಾರ್ಖಾನೆಯೇ. ಅಜ್ಜ ಹೇಳುತ್ತಿದ್ದರು, ಹಂಚು ಹಾಳಾಗುವುದು ಬೆಂಕಿಯಲ್ಲಿ ಅಂತ ಎಲ್ಲರೂ ತಿಳಿದುಕೊಂಡಿದ್ದಾರೆ, ಹಾಳಾಗುವುದು ಅದಕ್ಕೂ ಮೊದಲು. ಮಣ್ಣು ಸರಿಯಾಗಿ ಹದ ಮಾಡಿರುವುದಿಲ್ಲ, ನೆರಳಲ್ಲಿ ಒಣಗಲು ಬಿಟ್ಟಿರುವುದಿಲ್ಲ. ಹಸಿ ಹಂಚು ಗೂಡಿಗೆ ಹೋದರೆ ಬಿರುಕು ಬಿಡುವುದೇ. ನಾನು ಹಸಿಯಾಗಿಯೇ ಗೂಡಿಗೆ ಹೋದವನು. ಕಷ್ಟ ತಾನಾಗಿ ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ, ಕಷ್ಟದಲ್ಲಿ ಕಹಿಯಾಗಿ ಹೋದವರು ನಮ್ಮ ಚರ್ಚ್ ಸಭೆಯಲ್ಲೇ ಎಷ್ಟು ಜನ ಇಲ್ಲ?

ಹಾಗಾದರೆ ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ ಐದನೇ ಅಧ್ಯಾಯದಲ್ಲಿ ಉಪದ್ರವದಿಂದ ತಾಳ್ಮೆ ಹುಟ್ಟುತ್ತದೆ ಅನ್ನುತ್ತಾನಲ್ಲ, ಅಂತ ಕೇಳಬಹುದು. ನಾನೂ ನಮ್ಮ ಸಭಾಪಾಲಕರನ್ನು ಕೇಳಿದೆ. ಅಲ್ಲಿರುವ ಗ್ರೀಕ್ ಪದ ಹುಪೊಮೊನೆ. ಹುಪೊ ಅಂದರೆ ಕೆಳಗೆ, ಉಳಿದದ್ದು ನಿಲ್ಲುವುದು, ಇರುವುದು. ಭಾರದ ಕೆಳಗೆ ಎದ್ದು ಓಡದೆ ಇರುವುದು ಅಷ್ಟೇ. ಮುಖದಲ್ಲಿ ನಗು ಇರಬೇಕು ಅಂತ ಆ ಪದದಲ್ಲಿ ಎಲ್ಲೂ ಇಲ್ಲ. ಇದು ನನಗೆ ತುಂಬಾ ಸಮಾಧಾನ ಕೊಟ್ಟಿತು, ಯಾಕೆಂದರೆ ಓಡದೆ ಇರುವುದೊಂದು ನನಗೆ ಬರುತ್ತಿತ್ತು. ಹದಿಮೂರನೇ ಶತಮಾನದ ದೈವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ ಕೂಡ ಧೈರ್ಯದ ಬಗ್ಗೆ ಇಂಥದ್ದೇ ಮಾತು ಹೇಳುತ್ತಾನೆ: ಮೇಲೆ ಬಿದ್ದು ಹೋರಾಡುವುದಕ್ಕಿಂತ ಕದಲದೆ ತಡೆದುಕೊಳ್ಳುವುದೇ ಧೈರ್ಯದ ಮುಖ್ಯ ಕೆಲಸ. ಇನ್ನು ಫಿಲಿಪ್ಪಿಯವರಿಗೆ ಸೆರೆಯಿಂದ ಬರೆಯುವಾಗ ಪೌಲ, ಇದ್ದ ಸ್ಥಿತಿಯಲ್ಲಿ ತೃಪ್ತನಾಗಿರುವುದನ್ನು ಕಲಿತಿದ್ದೇನೆ ಅನ್ನುತ್ತಾನೆ. ಕಲಿತಿದ್ದೇನೆ. ಅವನಿಗೂ ಹುಟ್ಟಿನಿಂದ ಬಂದಿರಲಿಲ್ಲ ಅಂತಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಗಂಡ ಹೊಡೆದರೂ ಸಹಿಸಿಕೋ, ಅದು ನಿನ್ನ ಶಿಲುಬೆ ಅಂತ ಹೆಂಗಸರಿಗೆ ಬುದ್ಧಿ ಹೇಳುವವರು ಇದೇ ತಾಳ್ಮೆಯ ವಚನ ಎತ್ತುತ್ತಾರೆ. ಅದು ಬರೀ ಮೋಸ. ಕಾಯಿಲೆಯನ್ನು ತಡೆದುಕೊಳ್ಳುವುದು ಬೇರೆ, ಅನ್ಯಾಯಕ್ಕೆ ಬೆನ್ನು ಕೊಡುವುದು ಬೇರೆ.

ಪ್ರಾರ್ಥನೆ? ಮಾಡುತ್ತಿದ್ದೆ, ಚೆನ್ನಾಗಿ ಮಾಡುತ್ತಿರಲಿಲ್ಲ. ಜಾಸ್ತಿ ಓದಿದ್ದು 88ನೇ ಕೀರ್ತನೆ. ಬೇರೆ ದುಃಖದ ಕೀರ್ತನೆಗಳು ಕೊನೆಗಾದರೂ ಸ್ವಲ್ಪ ಬೆಳಕು ಕಾಣಿಸುತ್ತವೆ, ಇದು ಕತ್ತಲಲ್ಲೇ ಮುಗಿಯುತ್ತದೆ. ಅಂಥದ್ದೂ ಬೈಬಲಿನಲ್ಲಿ ಇದೆಯಲ್ಲ ಅನ್ನುವುದೇ ಆಗ ಸಾಕಾಗಿತ್ತು.

ಆದರೆ ನಿಜ ಹೇಳಬೇಕೆಂದರೆ ನನ್ನನ್ನು ಉಳಿಸಿದ್ದು ಪಕ್ಕದ ಮನೆ ಹೆಂಗಸು, ನಾವು 'ಬಾಯಿ' ಅಂತ ಕರೆಯುವವರು. ನಮ್ಮ ಮನೆಯಲ್ಲಿ ಕನ್ನಡ, ಅಂಗಳ ದಾಟಿದರೆ ತುಳು, ಬೇಲಿಯಾಚೆ ಕೊಂಕಣಿ. ಅವರು ಮಿಲಾಗ್ರಿಸ್ ಇಗರ್ಜಿಯ ಕ್ಯಾಥೊಲಿಕರು, ನಾವು ಪ್ರೊಟೆಸ್ಟೆಂಟರು, ಸೆಪ್ಟೆಂಬರ್ ಎಂಟಕ್ಕೆ, ಮಾತೆ ಮರಿಯಳು ಹುಟ್ಟಿದ ದಿನ, ಮೊಂತಿ ಹಬ್ಬದ ಹೊಸ ಅಕ್ಕಿ ಪಾಯಸ ಬೇಲಿ ದಾಟಿ ಬರುತ್ತದೆ, ಅಷ್ಟೇ ಸಂಬಂಧ ಇದ್ದದ್ದು. ಅಮ್ಮ ಬಿದ್ದ ಎರಡನೇ ತಿಂಗಳು ಒಂದು ಮಂಗಳವಾರ ಬಾಯಿ ಹೆಣಿಗೆ ಹಿಡಿದುಕೊಂಡು ಬಂದು ಅಮ್ಮನ ಪಕ್ಕ ಕೂತು, "ನೀವು ಹೋಗಿ ಮೀನು ತನ್ನಿ" ಅಂದರು. ಮಳೆಗಾಲ, ಬೋಟ್ ಕಡಲಿಗೆ ಇಳಿಯುವುದಿಲ್ಲ, ಬಂಗುಡೆಗೆ ಬೆಂಕಿ ರೇಟು. "ಮೀನಿಲ್ಲ ಬಾಯಿ ಈಗ" ಅಂದೆ. "ಇಲ್ಲದಿದ್ದರೆ ಖಾಲಿ ಚೀಲ ಹಿಡಿದು ಬನ್ನಿ, ಎರಡು ಗಂಟೆ ಬಿಟ್ಟು ಬನ್ನಿ." ಅಮ್ಮ ಹೋಗುವವರೆಗೂ ಪ್ರತಿ ಮಂಗಳವಾರ ಹಾಗೇ ನಡೆಯಿತು. ಒಂದು ದಿನವೂ ಅವರು ತಾಳ್ಮೆಯ ಬಗ್ಗೆ ಮಾತಾಡಲಿಲ್ಲ.

ಈಗ ಬಾಯಿಯ ಗಂಡನಿಗೆ ಸೊಂಟದ ಮೂಳೆ ಮುರಿದಿದೆ. ಮಂಗಳವಾರ ನಾನು ಹೋಗಿ ಕೂರುತ್ತೇನೆ, ಬಾಯಿ ಚೀಲ ಹಿಡಿದು ಹೊರಡುತ್ತಾರೆ. ಅವರ ಗಂಡನದ್ದು ಭಯಂಕರ ಸಿಟ್ಟು, ಹೋದ ವಾರ ಟಿವಿ ರಿಮೋಟ್ ಎಸೆದರು. ನಾನೂ ಎರಡು ಮಾತು ಬೈದೇ ಬಂದಿದ್ದೇನೆ. ನಾಳೆ ಮತ್ತೆ ಮಂಗಳವಾರ.