ಮಾತ್ರೆಯಿಂದ ಇಳಿದದ್ದೋ, ತಾನಾಗಿ ಇಳಿದದ್ದೋ?

ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವವರ ಸಿಟ್ಟು, ಚಡಪಡಿಕೆಗೆ ಔಷಧಿ ಕೊಡುವ ಮುಂಚೆ ಎರಡು ಸಂಖ್ಯೆ ನೋಡಿಕೊಳ್ಳಬೇಕು. ಅಲ್ಜೈಮರ್ ರೋಗಿಗಳ ಚಡಪಡಿಕೆಗೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮೊದಲ ಸಲ ಒಪ್ಪಿಗೆ ಕೊಟ್ಟದ್ದು 2023ರ ಮೇ ತಿಂಗಳಲ್ಲಿ, ಬ್ರೆಕ್ಸ್‌ಪಿಪ್ರಜೋಲ್ ಎಂಬ ಔಷಧಿಗೆ. ಆ ಒಪ್ಪಿಗೆಗೆ ಆಧಾರವಾದ ಒಂದು ಪ್ರಯೋಗದಲ್ಲಿ 345 ಜನ ಇದ್ದರು, ಅವಧಿ 12 ವಾರ. ನಿಜವಾದ ಮಾತ್ರೆ ನುಂಗಿದವರ ಚಡಪಡಿಕೆಯ ಅಂಕ ಸರಾಸರಿ 22.6 ಇಳಿಯಿತು. ಔಷಧಿಯೇ ಇಲ್ಲದ ಹುಸಿ ಮಾತ್ರೆ ನುಂಗಿದವರದೂ 17.3 ಇಳಿಯಿತು.

ಅಂದರೆ ಇಳಿತದ ಮುಕ್ಕಾಲು ಪಾಲು ಔಷಧಿ ಇಲ್ಲದೆಯೂ ಬಂತು. ಇದು ಈ ಒಂದು ಪ್ರಯೋಗದ ವಿಚಿತ್ರವಲ್ಲ, ಈ ಕ್ಷೇತ್ರದಲ್ಲಿ ಹೆಚ್ಚುಕಡಿಮೆ ಎಲ್ಲ ಕಡೆ ಹೀಗೇ ಆಗುತ್ತದೆ. ಮನೆಯವರು ಆಸ್ಪತ್ರೆಗೆ ಬರುವುದೇ ಪರಿಸ್ಥಿತಿ ತೀರಾ ಕೆಟ್ಟಾಗ. ಏರಿಳಿಯುವ ಯಾವ ಕಾಯಿಲೆಯಾದರೂ ತುತ್ತತುದಿಗೆ ಏರಿದ ಮೇಲೆ ಒಂದಿಷ್ಟು ತಾನಾಗಿಯೇ ಇಳಿಯುತ್ತದೆ. ಜೊತೆಗೆ ಪ್ರಯೋಗದಲ್ಲಿ ಪದೇ ಪದೇ ಒಬ್ಬರು ಬಂದು ಕೂತು ಮಾತಾಡಿಸುತ್ತಾರೆ, ನೋಡಿಕೊಳ್ಳುವವರ ಗೋಳು ಕೇಳುತ್ತಾರೆ. ಅವರ ಮನಸ್ಸು ಹಗುರಾದರೆ ರೋಗಿಯ ಜೊತೆಗಿನ ದನಿಯೂ ಬದಲಾಗುತ್ತದೆ. ಹಾಗಾಗಿ "ಮಾತ್ರೆ ಶುರು ಮಾಡಿದೆವು, ಮೂರು ವಾರಕ್ಕೆ ಶಾಂತ ಆದರು" ಎಂಬಷ್ಟರಿಂದಲೇ ಮಾತ್ರೆ ಕೆಲಸ ಮಾಡಿತು ಎನ್ನಲು ಬರುವುದಿಲ್ಲ.

ಈ ಅಂಕ ಎಂದರೇನು ಎಂಬುದನ್ನು ಹತ್ತಿರದಿಂದ ನೋಡಬೇಕು. ಅಲ್ಲಿ ಬಳಸಿದ್ದು ಕೋಹೆನ್-ಮ್ಯಾನ್ಸ್‌ಫೀಲ್ಡ್ ಪಟ್ಟಿ. ಹೊಡೆಯುವುದು, ಕಿರುಚುವುದು, ಸುಮ್ಮನೆ ಓಡಾಡುವುದು, ಕೇಳಿದ್ದನ್ನೇ ಕೇಳುವುದು, ವಸ್ತು ಬಚ್ಚಿಡುವುದು ಎಂದು ಒಟ್ಟು 29 ವರ್ತನೆಗಳು. ಕಳೆದ ಎರಡು ವಾರದಲ್ಲಿ ಒಂದೊಂದೂ ಎಷ್ಟು ಸಲ ಆಯಿತು ಎಂದು 1ರಿಂದ 7ರವರೆಗೆ ಅಂಕ. ಒಮ್ಮೆಯೂ ಇಲ್ಲದಿದ್ದರೆ 1, ವಾರಕ್ಕೆ ಒಂದೆರಡು ಸಲ ಆದರೆ 3, ಗಂಟೆಗೆ ಹಲವು ಸಲ ಆದರೆ 7. ಹೀಗೆ ಮೊತ್ತ 29ರಿಂದ 203ರವರೆಗೆ ಹೋಗಬಹುದು. ವಾರಕ್ಕೆರಡು ಸಲ ಹೊಡೆಯುತ್ತಿದ್ದವರು ಹೊಡೆಯುವುದನ್ನು ಪೂರ್ತಿ ಬಿಟ್ಟರೆ ಇಳಿಯುವುದು 2 ಅಂಕ. ಗಂಟೆಗೆ ಹಲವು ಸಲ "ಊಟ ಆಯ್ತಾ" ಎನ್ನುತ್ತಿದ್ದವರು ವಾರಕ್ಕೆ ಒಂದೆರಡು ಸಲ ಕೇಳುವಂತಾದರೆ ಇಳಿಯುವುದು 4. ಮನೆಯವರನ್ನು ಕೇಳಿ ನೋಡಿ, ಅವರಿಗೆ ಬೇಕಾದದ್ದು ಮೊದಲನೆಯದು! ಬ್ರೆಕ್ಸ್‌ಪಿಪ್ರಜೋಲ್‌ಗೂ ಹುಸಿ ಮಾತ್ರೆಗೂ ಇದ್ದ ಐದು ಅಂಕದ ಅಂತರವನ್ನು ಈ ಕಣ್ಣಿನಿಂದ ಓದಬೇಕು. ಅಂತರ ಸುಳ್ಳಲ್ಲ, ಚಿಕ್ಕದು.

ವರ್ತನೆ, ಮನಸ್ಥಿತಿಯ ಬದಲಾವಣೆ ಅಳೆಯುವ ಇನ್ನೊಂದು ಪಟ್ಟಿ ಎನ್‌ಪಿಐ. ಅದರಲ್ಲಿ 12 ವಿಭಾಗ, ಎಷ್ಟು ಸಲ ಎಂಬುದಕ್ಕೆ 4ರವರೆಗೆ, ಎಷ್ಟು ತೀವ್ರ ಎಂಬುದಕ್ಕೆ 3ರವರೆಗೆ ಅಂಕ, ಎರಡನ್ನೂ ಗುಣಿಸಬೇಕು. ಎರಡು ಪಟ್ಟಿಗಳಲ್ಲೂ ಉತ್ತರ ಹೇಳುವುದು ರೋಗಿಯಲ್ಲ, ನೋಡಿಕೊಳ್ಳುವವರು. ತಪ್ಪು ನುಸುಳುವುದು ಇಲ್ಲೇ. ಮೊದಲ ಸಲ ಸೊಸೆ ಉತ್ತರಿಸಿ, ನಾಲ್ಕನೇ ವಾರ ಮಗ ಉತ್ತರಿಸಿದರೆ ರೋಗಿ ಕೂದಲೆಳೆಯಷ್ಟೂ ಬದಲಾಗದೆ ಅಂಕ ಇಳಿದಿರುತ್ತದೆ. ಅತ್ತೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಸೊಸೆಯನ್ನು ಕೇಳಿದರೆ "ಏನೂ ತೊಂದರೆ ಇಲ್ಲ, ಚೆನ್ನಾಗೇ ಇದ್ದಾರೆ" ಎಂಬ ಉತ್ತರವೇ ಬರುವುದು. ಉತ್ತರಿಸುವವರು ಕೊನೆತನಕ ಒಬ್ಬರೇ ಆಗಿರಬೇಕು, ಅವರನ್ನು ಬೇರೆ ಕೋಣೆಯಲ್ಲಿ ಕೇಳಬೇಕು.

ಇದೇ ಗುಂಪಿನ (ಆಂಟಿಸೈಕೋಟಿಕ್, ಅಂದರೆ ಭ್ರಮೆಯಂಥ ಮನೋರೋಗಕ್ಕೆ ಕೊಡುವ) ಹಳೆಯ ಔಷಧಿಗಳ ಲೆಕ್ಕ ಇನ್ನೂ ಕಠಿಣ. 2006ರಲ್ಲಿ ಫಲಿತಾಂಶ ಬಂದ ಕೇಟಿ-ಎಡಿ ಪ್ರಯೋಗದಲ್ಲಿ 421 ಜನರಿಗೆ ಓಲಾಂಜಪಿನ್, ಕ್ವೆಟಿಯಾಪಿನ್, ರಿಸ್ಪೆರಿಡೋನ್ ಅಥವಾ ಹುಸಿ ಮಾತ್ರೆ ಕೊಟ್ಟರು. ಅಲ್ಲಿ ಕೇಳಿದ ಪ್ರಶ್ನೆ ಬಹಳ ಒಳ್ಳೆಯದು: ಯಾವ ಕಾರಣಕ್ಕಾದರೂ ಸರಿ, ಮಾತ್ರೆ ನಿಲ್ಲಿಸುವವರೆಗೆ ಎಷ್ಟು ವಾರ ಕಳೆಯಿತು? ಓಲಾಂಜಪಿನ್ 8.1 ವಾರ, ಹುಸಿ ಮಾತ್ರೆ 8.0 ವಾರ. ಓಲಾಂಜಪಿನ್, ರಿಸ್ಪೆರಿಡೋನ್‌ಗಳನ್ನು ಗುಣ ಕಾಣಲಿಲ್ಲವೆಂದು ಬಿಡುವುದು ನಿಧಾನವಾಗಿತ್ತು, ನಿಜ. ಆದರೆ ಅಡ್ಡಪರಿಣಾಮದಿಂದ ಬಿಟ್ಟವರು ಓಲಾಂಜಪಿನ್ ಗುಂಪಿನಲ್ಲಿ ಶೇ. 24, ಹುಸಿ ಮಾತ್ರೆಯಲ್ಲಿ ಶೇ. 5. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಂಡಿತು.

ಅದಕ್ಕೂ ಮುಂಚೆ, 2005ರಲ್ಲಿ, ಎಫ್‌ಡಿಎ 17 ಪ್ರಯೋಗಗಳನ್ನು ಒಟ್ಟಿಗೆ ನೋಡಿ ಎಚ್ಚರಿಕೆ ಕೊಟ್ಟಿತ್ತು. ಸುಮಾರು ಹತ್ತು ವಾರದ ಪ್ರಯೋಗದಲ್ಲಿ ಈ ಗುಂಪಿನ ಔಷಧಿ ತೆಗೆದುಕೊಂಡವರಲ್ಲಿ ಶೇ. 4.5 ಜನ ತೀರಿಕೊಂಡರೆ, ಹುಸಿ ಮಾತ್ರೆಯವರಲ್ಲಿ ಶೇ. 2.6. ನೂರು ಜನರಿಗೆ ಕೊಟ್ಟರೆ ಇಬ್ಬರು ಹೆಚ್ಚು. ಇದನ್ನು ಮನೆಯವರಿಗೆ ಹೇಳದೆ ಚೀಟಿ ಬರೆಯುವುದು ತಪ್ಪು.

ಖಿನ್ನತೆಗೆ ಕೊಡುವ ಸಿಟಲೊಪ್ರಾಮ್ ಕಥೆ ಬೇರೆ ರೀತಿಯದು. 2014ರ ಪ್ರಯೋಗದಲ್ಲಿ 186 ಜನ, ಗುರಿಯಿಟ್ಟ ಡೋಸ್ ದಿನಕ್ಕೆ 30 ಮಿಲಿಗ್ರಾಂ, ಚಡಪಡಿಕೆ ನಿಜಕ್ಕೂ ಇಳಿಯಿತು. ಆದರೆ ಇಸಿಜಿಯಲ್ಲಿ ಕ್ಯೂಟಿ ಅವಧಿ ಉದ್ದವಾಯಿತು (ಹೃದಯದ ಬಡಿತ ತಪ್ಪುವ ಅಪಾಯದ ಗುರುತು), ನೆನಪಿನ ಅಂಕವೂ ಸ್ವಲ್ಪ ಕುಗ್ಗಿತು. ಅರವತ್ತು ದಾಟಿದವರಿಗೆ ಎಫ್‌ಡಿಎ ಹೇಳುವ ಮಿತಿ 20 ಮಿಲಿಗ್ರಾಂ. ಕೆಲಸ ಮಾಡಿದ ಡೋಸ್ ಕೊಡುವಂತಿಲ್ಲ, ಕೊಡಬಹುದಾದ ಡೋಸ್ ಅಲ್ಲಿ ಪರೀಕ್ಷೆಗೆ ಒಳಗಾಗಿಲ್ಲ.

ಈ ಎಲ್ಲಕ್ಕಿಂತ ಹೆಚ್ಚು ಜನ ಓದಬೇಕಾದ ಪ್ರಯೋಗ ನಾರ್ವೆಯದು, 2011ರದು. 18 ವೃದ್ಧಾಲಯಗಳ 352 ಜನ. ಮನೋರೋಗದ ಔಷಧಿ ಹೆಚ್ಚಿಸಲಿಲ್ಲ, ಎಂಟು ವಾರ ಹಂತ ಹಂತವಾಗಿ ನೋವಿಗೆ ಮದ್ದು ಕೊಟ್ಟರು, ಬಹುತೇಕರಿಗೆ ಬರೀ ಪ್ಯಾರಾಸಿಟಮಾಲ್, ದಿನಕ್ಕೆ ಗರಿಷ್ಠ 3 ಗ್ರಾಂ. ಚಡಪಡಿಕೆ ಶೇ. 17ರಷ್ಟು ಕಡಿಮೆಯಾಯಿತು. ಮದ್ದು ನಿಲ್ಲಿಸಿದ ಮೇಲೆ ಮತ್ತೆ ಏರಿತು. ಮಂಡಿ ನೋಯುತ್ತಿದೆ ಎಂದು ಹೇಳಲಾಗದವರು ಸ್ನಾನಕ್ಕೆ ಎಬ್ಬಿಸಿದಾಗ ಕೈ ಎತ್ತುತ್ತಾರೆ.

ಹಾಗಾದರೆ ಮನೆಯಲ್ಲಿ, ವೈದ್ಯರ ಜೊತೆ ಸೇರಿ, ಒಬ್ಬ ರೋಗಿಯ ಮೇಲೆ ಔಷಧಿಯನ್ನು ಪರೀಕ್ಷಿಸುವುದು ಹೇಗೆ? ತಕ್ಷಣದ ಅಪಾಯ ಇಲ್ಲದಿದ್ದರೆ ಮೊದಲ ಎರಡು ವಾರ ಹೊಸ ಮಾತ್ರೆ ಬೇಡ, ನೋಟ್‌ಬುಕ್ ಸಾಕು. ಬರೆಯುವುದು ಹೀಗಿರಲಿ: "ಸಂಜೆ 6.10. ಎಮ್ಮೆ ಹಾಲು ಕರೆಯೋ ಹೊತ್ತಾಯ್ತು, ಊರಿಗೆ ಹೋಗ್ಬೇಕು ಅಂತ ಬಾಗಿಲ ಚಿಲಕ ಎಳೆದರು. 25 ನಿಮಿಷ. ಮೂರು ದಿನದಿಂದ ಮಲ ಹೋಗಿಲ್ಲ. ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟ ಮೇಲೆ ತಣ್ಣಗಾದರು." "ಇವತ್ತೂ ಗಲಾಟೆ" ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಆ ಎರಡು ವಾರದಲ್ಲೇ ಮೂತ್ರದ ಸೋಂಕು, ಮಲಬದ್ಧತೆ, ಹಲ್ಲುನೋವು, ಕಿವಿಯ ಗುಗ್ಗೆ ನೋಡಿಸಿ. ಈಗಾಗಲೇ ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ವೈದ್ಯರ ಮುಂದೆ ಸುರಿಯಿರಿ. ನಡುಕ, ಮೈ ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ನೆಗಡಿ-ಅಲರ್ಜಿಯ ಹಳೆಯ ಮಾತ್ರೆಗಳು, ಮೂತ್ರ ತಡೆಯಲೆಂದು ಕೊಡುವ ಆಕ್ಸಿಬ್ಯುಟಿನಿನ್ ಗೊಂದಲವನ್ನು ತಾವೇ ಹೆಚ್ಚಿಸುತ್ತವೆ.

ಆಮೇಲೂ ಔಷಧಿ ಬೇಕೆನಿಸಿದರೆ ಗುರಿಯಾಗಿ ಒಂದೇ ವರ್ತನೆಯನ್ನು ಆರಿಸಿ. ಹೊಡೆಯುವುದು, ಅಥವಾ "ವಿಷ ಹಾಕಿದ್ದಾರೆ" ಎಂದು ಊಟ ಬಿಡುವುದು ಸರಿಯಾದ ಗುರಿ. ಅಲೆದಾಟ, ಬಚ್ಚಿಡುವುದು, ಕೇಳಿದ್ದನ್ನೇ ಕೇಳುವುದು ಈ ಮಾತ್ರೆಗಳಿಗೆ ಬಗ್ಗುವಂಥವಲ್ಲ. ಇಲ್ಲದ ಮಕ್ಕಳು, ಪ್ರಾಣಿಗಳು ಕಣ್ಣಿಗೆ ಕಾಣುವುದು, ಮೈ ಬಿಗಿತ, ದಿನದಿಂದ ದಿನಕ್ಕೆ ಎಚ್ಚರ ಏರಿಳಿಯುವುದು ಇದ್ದರೆ ಮೊದಲೇ ಹೇಳಿ, ಅದು ಲೂಯಿ ಬಾಡಿ ಡಿಮೆನ್ಷಿಯಾ ಎಂಬ ಬೇರೆ ಬಗೆಯದು ಇರಬಹುದು. ಅಂಥವರಿಗೆ ಇದೇ ಗುಂಪಿನ ಹ್ಯಾಲೊಪೆರಿಡಾಲ್‌ನಂಥ ಔಷಧಿ ಪ್ರಾಣಕ್ಕೇ ಕುತ್ತು ತರಬಲ್ಲದು.

ರಿಸ್ಪೆರಿಡೋನ್ ಆದರೆ ಶುರು ಸಾಮಾನ್ಯವಾಗಿ 0.25 ಮಿಲಿಗ್ರಾಂನಿಂದ. ಆ ದಿನಗಳಲ್ಲಿ ಬೇರೇನನ್ನೂ ಬದಲಿಸಬೇಡಿ. ಮಾತ್ರೆಯೂ ಹೊಸದು, ಆಳೂ ಹೊಸಬಳು, ಮಲಗುವ ಕೋಣೆಯೂ ಹೊಸದು ಎಂದಾದರೆ ಯಾವುದರಿಂದ ಏನಾಯಿತು ಎಂದು ಬ್ರಹ್ಮನಿಗೂ ತಿಳಿಯದು. ಏಳುವಾಗ ತಲೆಸುತ್ತು, ಕಾಲೆಳೆದು ನಡೆಯುವುದು, ಹಗಲೆಲ್ಲ ತೂಕಡಿಕೆ, ನೀರು ಕುಡಿದರೆ ಕೆಮ್ಮು ಇವನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ತೂಕಡಿಸುತ್ತಾ ಕೂತವರು ಹೊಡೆಯುವುದಿಲ್ಲ, ಅದನ್ನು ಗುಣ ಎಂದು ಲೆಕ್ಕ ಹಾಕಬೇಡಿ.

ಮೊದಲ ಮಾತ್ರೆ ಕೊಡುವ ದಿನವೇ ಮರುಪರಿಶೀಲನೆಯ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಮೆರಿಕದ ಮನೋವೈದ್ಯರ ಸಂಘದ 2016ರ ಮಾರ್ಗಸೂಚಿ ಪ್ರಕಾರ, ಸಾಕಷ್ಟು ಡೋಸ್‌ನಲ್ಲಿ ನಾಲ್ಕು ವಾರ ಕೊಟ್ಟರೂ ಗುಣ ಕಾಣದಿದ್ದರೆ ಹಂತವಾಗಿ ಇಳಿಸಿ ನಿಲ್ಲಿಸಬೇಕು. ಗುಣ ಕಂಡರೂ ನಾಲ್ಕು ತಿಂಗಳೊಳಗೆ ಇಳಿಸಿ ನೋಡಬೇಕು. ಹೆಚ್ಚಿನ ಮನೆಗಳಲ್ಲಿ ತಪ್ಪಿಹೋಗುವುದು ಈ ಎರಡನೆಯದು: "ಈಗ ಚೆನ್ನಾಗಿದ್ದಾರಲ್ಲ, ಯಾಕೆ ಕೆಣಕೋದು" ಎಂದು ಅದೇ ಚೀಟಿ ವರ್ಷಗಟ್ಟಲೆ ಓಡುತ್ತದೆ. ಈ ಅಂಜಿಕೆ ಪೂರ್ತಿ ಸುಳ್ಳೂ ಅಲ್ಲ. ರಿಸ್ಪೆರಿಡೋನ್‌ನಿಂದ ಗುಣ ಕಂಡವರನ್ನೇ ಆರಿಸಿ 2012ರಲ್ಲಿ ವರದಿಯಾದ ಪ್ರಯೋಗದಲ್ಲಿ, ನಿಲ್ಲಿಸಿದವರ ಪೈಕಿ ಶೇ. 60 ಜನರಿಗೆ ನಾಲ್ಕು ತಿಂಗಳೊಳಗೆ ಲಕ್ಷಣ ಮರಳಿತು, ಮುಂದುವರಿಸಿದವರಲ್ಲಿ ಶೇ. 33 ಜನರಿಗೆ. ನಿಲ್ಲಿಸಿಯೂ ನೆಮ್ಮದಿಯಾಗಿದ್ದ ಉಳಿದ ಶೇ. 40ರಲ್ಲಿ ನಿಮ್ಮವರೂ ಒಬ್ಬರೋ ಎಂದು ತಿಳಿಯಲು ಇಳಿಸಿಯೇ ನೋಡಬೇಕು. ಇಳಿಸುವಾಗ ತಿಂಗಳಿಗೊಮ್ಮೆಯಾದರೂ, ನಿಲ್ಲಿಸಿದ ಮೇಲೆ ನಾಲ್ಕು ತಿಂಗಳವರೆಗೂ ವೈದ್ಯರಿಗೆ ತೋರಿಸಿ, ಆ ನೋಟ್‌ಬುಕ್ ಜೊತೆಗಿರಲಿ.