ಪಲ್ಯ ನನ್ನದು, ಸಾರು ಮನೆಯವರದು

“ಮನೆಯಲ್ಲಿ ಗಂಡ, ಮಗ ಇದ್ದಾರೆ. ಆಸ್ಪತ್ರೆಯಲ್ಲಿ ಡಾಕ್ಟರಿದ್ದಾರೆ. ಮುಖ ಕಂಡರಿಯದವರ ಹತ್ತಿರ ಮೊಬೈಲಿನಲ್ಲಿ ಅದೇನು ಕಾಯಿಲೆಯ ಮಾತು?”

ನನ್ನಂಥ ಕಾಯಿಲೆಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ನಾನು ಮಾತಾಡುವುದನ್ನು ಕಂಡು ಈ ಪ್ರಶ್ನೆಯನ್ನು ಮೊದಲು ಕೇಳಿದವರು ನಮ್ಮ ಅತ್ತೆ. ಆಮೇಲೆ ನಾದಿನಿ, ಪಕ್ಕದ ಮನೆಯವರು, ಮಂಡಿಯ ಸಾಹುಕಾರರು. ಕೊನೆಗೆ, ವಾರಕ್ಕೆರಡು ಸಲ ನನಗೆ ಶೂನ್ಯ ದರದ ಟಿಕೆಟ್ ಕೊಟ್ಟು ಕೊಟ್ಟು ಪರಿಚಯವಾದ ಕೋಲಾರದ ಬಸ್ಸಿನ ಕಂಡಕ್ಟರ್ ಕೂಡ. ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳಿ ಸಾಕಾಗಿದೆ. ಇಲ್ಲಿ ಒಮ್ಮೆ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳುಹಿಸುತ್ತೇನೆ.

ನನ್ನೂರು ಶ್ರೀನಿವಾಸಪುರ. ಮಾವಿನ ಮಂಡಿಯೊಂದರಲ್ಲಿ ಹದಿನೆಂಟು ವರ್ಷ ಲೆಕ್ಕ ಬರೆದವಳು ನಾನು. ಊರವರ ಉದ್ರಿಯನ್ನೆಲ್ಲ ತಪ್ಪದೆ ವಸೂಲಿ ಮಾಡಿಸಿದವಳು, ನನ್ನ ಮೈಯ ಸಕ್ಕರೆಯನ್ನೂ ಬಿಪಿಯನ್ನೂ ಮಾತ್ರ ಮುಂದಿನ ತಿಂಗಳು ನೋಡೋಣವೆಂದು ತಳ್ಳುತ್ತಾ ಬಂದೆ. ನಾಲ್ಕು ವರ್ಷದ ಹಿಂದೆ ಎರಡೂ ಮೂತ್ರಪಿಂಡಗಳು ಅಂಗಡಿ ಮುಚ್ಚಿದವು. ಅಂದಿನಿಂದ ಮಂಗಳವಾರ, ಶುಕ್ರವಾರ ಕೋಲಾರಕ್ಕೆ ಹೋಗಿ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಮಲಗಿ ಬರುತ್ತೇನೆ. ವಾರಕ್ಕೆ ಮೂರು ಸಲ ಎಂಬುದು ವೈದ್ಯರ ಲೆಕ್ಕ, ಎರಡು ಸಲ ಎಂಬುದು ನನ್ನಂಥ ಎಷ್ಟೋ ಜನರ ಲೆಕ್ಕ.

ಮೂತ್ರ ಬಹುತೇಕ ನಿಂತಿದೆ. ಅಂದರೆ ಕುಡಿದದ್ದೆಲ್ಲ ಜಮಾ, ಖರ್ಚಿನ ಕಾಲಂ ಖಾಲಿ. ಎರಡು ಸರದಿಗಳ ನಡುವೆ ಒಂದು ಕಿಲೋ ತೂಕ ಏರಿದರೆ ಒಂದು ಲೀಟರ್ ನೀರು ಮೈಯಲ್ಲಿ ನಿಂತಿದೆ ಎಂದರ್ಥ. ನನಗೆ ಹೇಳಿರುವುದು ದಿನಕ್ಕೆ 750 ಮಿಲಿಲೀಟರ್, ಕಾಫಿ ಮಜ್ಜಿಗೆ ಎಲ್ಲ ಸೇರಿ. ಯಂತ್ರಕ್ಕೆ ಈ ಕಟ್ಟುಪಾಡಿಲ್ಲ. ಅದು ನಿಮಿಷಕ್ಕೆ ಅರ್ಧ ಲೀಟರಿನಂತೆ, ನಾಲ್ಕು ಗಂಟೆಯಲ್ಲಿ 120 ಲೀಟರ್ ಶುದ್ಧೀಕರಿಸಿದ ನೀರು ಬಳಸಿ ನನ್ನ ರಕ್ತವನ್ನು ತೊಳೆಯುತ್ತದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದೆ, ಬೆಂಗಳೂರು ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿ 2018ರಿಂದ ಕೆರೆ ತುಂಬಿಸಿಕೊಳ್ಳುತ್ತಿರುವ ಜಿಲ್ಲೆಯವಳಿಗೆ ಈ ಲೆಕ್ಕ ಹೇಗೆ ಕಾಣುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಈ ಮಾತು ಎತ್ತಿದರೆ ಮಗನ ಮುಖ ಬಾಡುತ್ತದೆ. ಗುಂಪಿನಲ್ಲಿ ಹೇಳಿದೆ, ಪಾವಗಡದ ಮೇಷ್ಟ್ರು ಬರೆದರು: “ನಮ್ಮ ಬೀದಿಗೆ ಬರುವ ಟ್ಯಾಂಕರಿಗಿಂತ ನಿಮ್ಮ ಯಂತ್ರವೇ ವಾಸಿ, ಹೇಳಿದ ದಿನ ಬರುತ್ತದಲ್ಲ.” ಆ ವಾರ ನಾನು ನಕ್ಕದ್ದು ಅದೊಂದೇ ಸಲ.

ಡಾಕ್ಟರಿಲ್ಲವೇ? ಇದ್ದಾರೆ, ಒಳ್ಳೆಯವರು. ಆದರೆ ಹೊರಗಿನ ಬೆಂಚು ತುಂಬಿರುವಾಗ ನನ್ನ ಪಾಲಿಗೆ ಬರುವುದು ನಾಲ್ಕು ನಿಮಿಷ. “ಪೊಟ್ಯಾಸಿಯಂ 5.9 ಇದೆಯಮ್ಮ, ಹೀಗೆಯೇ ಏರಿದರೆ ಹೃದಯಕ್ಕೆ ಅಪಾಯ, ಇಳಿಸಬೇಕು” ಎನ್ನಲು ಅಷ್ಟು ಹೊತ್ತು ಸಾಕು. ಇಳಿಸಲು ಒಲೆಯ ಮುಂದೆ ಏನು ಮಾಡಬೇಕೆಂದು ಹೇಳಲು ಸಾಲದು. ಕೈಗೆ ಸಿಕ್ಕ ಆಹಾರದ ಪಟ್ಟಿ ಇಂಗ್ಲಿಷಿನಲ್ಲಿತ್ತು. ಮಗ ಓದಿ ಹೇಳಿದ: ಬ್ರೆಡ್ಡು, ಕಸ್ಟರ್ಡು, ಸೂಪು. ಮುದ್ದೆಯ ಸುದ್ದಿಯೇ ಇಲ್ಲ. ಅದನ್ನು ಬರೆದವರು ಯಾರೋ ನನಗೆ ಗೊತ್ತಿಲ್ಲ, ಆದರೆ ಇತ್ತ ಕಡೆ ಒಮ್ಮೆಯೂ ಊಟಕ್ಕೆ ಕೂತವರಲ್ಲ.

ಪಕ್ಕದ ಹಾಸಿಗೆಯಲ್ಲಿ ಮಲಗುತ್ತಿದ್ದ ಹುಡುಗ ನನ್ನನ್ನು ಈ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿದ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಅರವತ್ತು ಜನ, ಎಲ್ಲರೂ ಡಯಾಲಿಸಿಸ್‌ನವರು. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ, ಆಸ್ಪತ್ರೆಯಲ್ಲಿ ಇಂಗ್ಲಿಷ್, ಇದು ನಮ್ಮ ಗಡಿ ತಾಲ್ಲೂಕುಗಳವರ ಪಾಡು. ಗುಂಪಿನಲ್ಲಿ ಎಲ್ಲವೂ ಸಲ್ಲುತ್ತದೆ. ಬರೆಯಲು ಬಾರದವರು ಧ್ವನಿ ಸಂದೇಶ ಕಳುಹಿಸುತ್ತಾರೆ, ಹಿಂದೆ ಕೋಳಿ ಕೂಗುವುದೂ ಕೇಳಿಸುತ್ತದೆ.

ಪೊಟ್ಯಾಸಿಯಂ ಏರಿದೆ ಎಂದು ಅಲ್ಲಿ ಅಳುಮೋರೆ ಹಾಕಿದಾಗ ಮಾಲೂರಿನ ಅಕ್ಕನಿಂದ ತೆಲುಗಿನಲ್ಲಿ ಧ್ವನಿ ಸಂದೇಶ ಬಂತು. ಆಕೆ ಮೊದಲು ಕೇಳಿದ್ದು, “ನಿನ್ನೆ ಏನು ಸಾರು, ತಂಗಿ?” ಬಸ್ಸಾರು ಎಂದೆ. “ಅದೇ ಮತ್ತೆ!” ಎಂದಳು. ಸೊಪ್ಪು, ತರಕಾರಿ, ಕಾಳುಗಳನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಬಸಿದರೆ ಪೊಟ್ಯಾಸಿಯಂನ ಒಂದು ಪಾಲು ಆ ನೀರಿಗೆ ಇಳಿಯುತ್ತದೆ, ಆ ನೀರನ್ನು ಬಿಡಬೇಕು ಎಂಬುದು ಪಾಠ. ನಾವು ಮಾಡುತ್ತಿದ್ದದ್ದು ಏನು? ಬಸಿದ ಕಟ್ಟಿಗೇ ಬೆಳ್ಳುಳ್ಳಿ, ಮೆಣಸು, ಕಾಯಿ ರುಬ್ಬಿ ಹಾಕಿ, ಒಗ್ಗರಣೆ ಕೊಟ್ಟು, ಮುದ್ದೆಯ ಮೇಲೆ ಸುರಿದುಕೊಂಡು ಸೊರ್ರೆಂದು ಎಳೆಯುತ್ತಿದ್ದೆವು. ಡಾಕ್ಟರ್ ಯಾವುದನ್ನು ಬಿಡಿ ಎಂದಿದ್ದರೋ ಅದನ್ನೇ ಸೋಸಿ ತೆಗೆದು ಕುಡಿದಂತಾಯಿತು. “ಇನ್ನು ಮೇಲೆ ಬಸ್ಸಾರಿನಲ್ಲಿ ಪಲ್ಯ ನಿನ್ನದು, ಸಾರು ಮನೆಯವರದು” ಎಂದು ಅಕ್ಕ ಪಾಲು ಹಂಚಿದಳು. ಮುದ್ದೆಯೊಳಗಿನ ನೀರನ್ನೂ ದಿನದ ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳಿದ್ದೂ ಅವಳೇ. ಹದಿನೆಂಟು ವರ್ಷ ಲೆಕ್ಕ ಬರೆದವಳಿಗೆ ಅದು ಹೊಳೆದಿರಲಿಲ್ಲ.

ಮುಂದಿನ ತಿಂಗಳು 5.2 ಬಂತು. ಬಸ್ಸಾರು ಹೇಗೆ ಮಾಡುತ್ತೀರಿ ಎಂದು ಡಾಕ್ಟರ್ ನನ್ನನ್ನೇ ಕೇಳಿ ಬರೆದುಕೊಂಡರು. ಆ ದಿನ ನನ್ನ ಪಾಲಿಗೆ ಆರು ನಿಮಿಷ ಸಿಕ್ಕಿತು.

ಒಂದು ತಮಾಷೆ ಕೇಳಿ. ತಿಪಟೂರಿನ ಅಣ್ಣನಿಗೆ ಮೂರು ಎಕರೆ ತೆಂಗಿದೆ, ಎಳನೀರು ಕುಡಿಯುವ ಹಾಗಿಲ್ಲ. ಕೋಲಾರದ ಹತ್ತಿರ ಟೊಮೆಟೊ ಬೆಳೆಯುವವರಿದ್ದಾರೆ, ಕ್ರೇಟುಗಟ್ಟಲೆ ಮಾರುಕಟ್ಟೆಗೆ ಹಾಕುತ್ತಾರೆ, ಸಾರಿಗೆ ಒಂದು ಹಣ್ಣು ಹಿಂಡಲು ಹೆದರುತ್ತಾರೆ. ನಾನು ಮಾವಿನ ಊರಿನವಳು, ಮಾವಿಗೂ ಲಗಾಮು. ಚಿಕ್ಕಬಳ್ಳಾಪುರದ ದ್ರಾಕ್ಷಿಯವರು ಮಾತ್ರ ಅದೃಷ್ಟವಂತರು. ದ್ರಾಕ್ಷಿಯಲ್ಲಿ ಪೊಟ್ಯಾಸಿಯಂ ಅಷ್ಟಿಲ್ಲ, ಹಿಡಿಯಷ್ಟು ತಿನ್ನಬಹುದು. ಅವರ ಮೇಲೆ ನಮಗೆಲ್ಲ ಹೊಟ್ಟೆಯುರಿ. ಇನ್ನು ಕಾಯಿಲೆಯವರನ್ನು ನೋಡಲು ಬರುವ ನಂಟರು ಕೈಯಲ್ಲಿ ಹಿಡಿದು ಬರುವುದೇನು? ಎಳನೀರು. “ತಂಪು, ಕುಡಿಯಮ್ಮ” ಎನ್ನುತ್ತಾರೆ. ಅವರ ಮನಸ್ಸು ನೋಯದ ಹಾಗೆ ಅದನ್ನು ಬೇಡವೆನ್ನುವುದು ಹೇಗೆ ಎಂಬುದರ ಮೇಲೆಯೇ ಗುಂಪಿನಲ್ಲಿ ಒಂದು ಸಂಜೆ ಪೂರ್ತಿ ಚರ್ಚೆ ನಡೆಯಿತು. ಈ ವಿದ್ಯೆಯನ್ನು ಯಾವ ಆಸ್ಪತ್ರೆಯಲ್ಲಿ ಕಲಿಸುತ್ತಾರೆ?

ಇನ್ನೊಂದು ರಾತ್ರಿಯ ಮಾತು. ನಮ್ಮ ಕೈಯಲ್ಲಿ ಫಿಸ್ಟುಲಾ ಎಂಬುದೊಂದು ಇರುತ್ತದೆ. ಶಸ್ತ್ರಚಿಕಿತ್ಸೆ ಮಾಡಿ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿರುತ್ತಾರೆ, ಸೂಜಿ ಚುಚ್ಚುವುದು ಅಲ್ಲಿಗೇ. ಬೆರಳಿಟ್ಟರೆ ಒಳಗೆ ಝುಂ ಎನ್ನುತ್ತದೆ, ಜೇನುನೊಣ ಕೂತ ಹಾಗೆ. ಆ ಸದ್ದು ಇರುವತನಕ ನಮಗೆ ದಾರಿ ಇದೆ. ರಾತ್ರಿ ಒಂದೂ ಮುಕ್ಕಾಲಿಗೆ ಶಿರಾದ ತಮ್ಮನೊಬ್ಬ ಬರೆದ: “ಕೈ ಮಾತಾಡುತ್ತಿಲ್ಲ.” ಆ ಹೊತ್ತಿನಲ್ಲಿ ನಮ್ಮಲ್ಲಿ ಎಚ್ಚರವಾಗಿರುವವರಿಗೆ ಬರವಿಲ್ಲ. ಮೈ ತುರಿಕೆ, ಕಾಲು ಒಂದೆಡೆ ನಿಲ್ಲದ ಸೆಳೆತ, ನಿದ್ದೆ ಎಲ್ಲಿಂದ ಬರಬೇಕು? ಎರಡು ನಿಮಿಷದಲ್ಲಿ ಮೂವರು ಉತ್ತರಿಸಿದೆವು. ಡಯಾಲಿಸಿಸ್ ದಿನ ತೋರಿಸೋಣವೆಂದು ಕಾಯಬೇಡ, ಕೈಯನ್ನು ನೀವಬೇಡ, ಆಸ್ಪತ್ರೆಗೆ ಈಗಲೇ ಫೋನ್ ಮಾಡು, ಈಗಲೇ ಹೊರಡು. ಹೆಪ್ಪುಗಟ್ಟಿದ ಫಿಸ್ಟುಲಾವನ್ನು ಬೇಗ ಹೋದರೆ ಉಳಿಸುವ ಸಾಧ್ಯತೆ ಇರುತ್ತದೆ, ತಡವಾದರೆ ಕುತ್ತಿಗೆಗೆ ಕೊಳವೆ ಹಾಕಿಸಿಕೊಂಡು ಮೊದಲಿನಿಂದ ಶುರು. ಅವನು ಅಪ್ಪನನ್ನು ಎಬ್ಬಿಸಿ ಹೊರಟ. ಉಳಿಯಿತು. ನಾವು ವೈದ್ಯ ಮಾಡಲಿಲ್ಲ. ವೈದ್ಯರ ಬಾಗಿಲು ಬಡಿಯಲು ಇದೇ ಹೊತ್ತು ಎಂದೆವು, ಅಷ್ಟೇ.

ಹಾಗೆಂದು ಮೊಬೈಲಿನಲ್ಲಿ ಸಿಗುವವರೆಲ್ಲ ಮಾಲೂರಿನ ಅಕ್ಕ ಅಲ್ಲ. ಇದಕ್ಕೂ ಮೊದಲು ನಾನೇ ಹುಡುಕಿಕೊಂಡು ಹೋಗಿದ್ದ ಗುಂಪು ದೊಡ್ಡದು, ಸಾವಿರದ ಹತ್ತಿರ ಜನ. ಅಲ್ಲಿ ಒಬ್ಬ ದಿನ ಬಿಟ್ಟು ದಿನ ಬೇರು ಮಾರುತ್ತಿದ್ದ, ತಿಂಗಳಲ್ಲಿ ಮೂತ್ರಪಿಂಡ ಚಿಗುರುತ್ತದಂತೆ. ಈಶ್ವರಿ ಬಳ್ಳಿಯ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಚೆನ್ನಾಗಿರುವ ಮೂತ್ರಪಿಂಡವನ್ನೇ ಕೆಡಿಸುತ್ತದೆ ಎಂಬುದು ಗೊತ್ತಿರುವ ಸಂಗತಿ. ಯಾವ ಬೇರು ಎಂದು ಕೇಳಿದೆ, ನನ್ನನ್ನೇ ಹೊರಹಾಕುವುದಾಗಿ ಬೆದರಿಸಿದರು. ಇನ್ನೊಬ್ಬರು ಸೋಡಿಯಂ ಕಡಿಮೆ ಇರುವ ಉಪ್ಪು ಬಳಸಿ ಎಂದರು. ಆ ಪೊಟ್ಟಣದ ಹಿಂದೆ ಓದಿ ನೋಡಿ, ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ನಮ್ಮಂಥವರಿಗೆ ಅದು ಉಪ್ಪಲ್ಲ, ಉರುಳು.

ಅಲ್ಲಿ ನನ್ನಿಂದಲೂ ಒಂದು ತಪ್ಪಾಯಿತು. ಹೆಸರು, ಫೋನ್ ನಂಬರ್ ಸಮೇತ ರಕ್ತಪರೀಕ್ಷೆಯ ವರದಿ ಹಾಕಿದೆ. ಮೂರನೆಯ ದಿನ ಒಬ್ಬ ಫೋನ್ ಮಾಡಿ ಮೂತ್ರಪಿಂಡ ಕೊಡಿಸುತ್ತೇನೆ, ಅರ್ಧ ಹಣ ಮುಂಗಡ ಎಂದ. ಮಂಡಿಯ ದಲ್ಲಾಳಿಯ ದನಿಯೇ. ಅಂಗಾಂಗ ಮಾರುವುದೂ ಕೊಳ್ಳುವುದೂ 1994ರ ಕಾಯ್ದೆಯಂತೆ ಅಪರಾಧ. ಮೃತರಿಂದ ಬರುವ ಅಂಗಕ್ಕಾದರೆ ಆಸ್ಪತ್ರೆಯ ಮೂಲಕ ರಾಜ್ಯದ ಜೀವಸಾರ್ಥಕತೆ ಎಂಬ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಿ ಸರದಿ ಕಾಯಬೇಕು. ಮಧ್ಯೆ ದಲ್ಲಾಳಿಗೆ ಜಾಗವೇ ಇಲ್ಲ. ಇದೆಲ್ಲ ನನಗೆ ತಿಳಿದಿತ್ತು. ಆದರೂ ಫೋನ್ ಇಟ್ಟ ಮೇಲೆ ಐದು ನಿಮಿಷ, ನಮ್ಮ ಮನೆ ಮಾರಿದರೆ ಎಷ್ಟು ಬರಬಹುದೆಂದು ಲೆಕ್ಕ ಹಾಕುತ್ತಾ ಕೂತಿದ್ದೆ. ಆ ಐದು ನಿಮಿಷವನ್ನು ನಂಬಿಯೇ ಅಂಥವರ ವ್ಯಾಪಾರ ನಡೆಯುವುದು.

ಈಗ ನನ್ನ ಗುಂಪಿನಲ್ಲಿ ಯಾರಾದರೂ ಮಾತ್ರೆಯ ಹೆಸರು ಎತ್ತಿದರೆ ನಾನು ಕಿವಿ ಮುಚ್ಚಿಕೊಳ್ಳುತ್ತೇನೆ. ಡಯಾಲಿಸಿಸ್ ದಿನ ಬೆಳಿಗ್ಗೆ ಬಿಪಿ ಮಾತ್ರೆ ಬಿಡಬೇಕೆಂದು ಒಬ್ಬರು ಹೇಳಿದ್ದರು. ಡಾಕ್ಟರನ್ನು ಕೇಳಿದೆ. ನನ್ನ ಮೂರು ಮಾತ್ರೆಗಳಲ್ಲಿ ಒಂದನ್ನು ಮಾತ್ರ ಬಿಡಬಹುದಿತ್ತು. ಅವರವರ ಚೀಟಿ ಅವರವರಿಗೆ. ರಕ್ತದಲ್ಲಿ ಉಳಿದ ಕಸದ ಅಳತೆಯಾದ ಕ್ರಿಯಾಟಿನಿನ್ ಎಷ್ಟು ಎಂದು ಎಸ್ಸೆಸ್ಸೆಲ್ಸಿ ಅಂಕದ ಹಾಗೆ ಹೋಲಿಸಿಕೊಳ್ಳುವವರ ಮಾತಿಗೂ ನಾನು ಸೇರುವುದಿಲ್ಲ.

ಮನೆಯವರಿಲ್ಲವೇ ಎಂಬುದಕ್ಕೆ ಉತ್ತರ ಕಷ್ಟ. ನನ್ನ ಎಷ್ಟೋ ಮಾತುಗಳು ಮನೆಯವರನ್ನು ಕುರಿತದ್ದೇ. ಅವನ್ನು ಅವರ ಹತ್ತಿರವೇ ಹೇಗೆ ಹೇಳಲಿ? ನಾನು ಮಾವು ಬಿಟ್ಟ ವರ್ಷದಿಂದ ನಮ್ಮ ಯಜಮಾನರೂ ಬಿಟ್ಟರು. ಶ್ರೀನಿವಾಸಪುರದಲ್ಲಿ, ಜೂನ್ ತಿಂಗಳಿನಲ್ಲಿ, ಇಡೀ ಊರು ರಸಪುರಿಯ ವಾಸನೆಯಲ್ಲಿ ಮುಳುಗಿರುವಾಗ, ನಮ್ಮ ಮನೆಗೆ ಒಂದು ಹಣ್ಣು ಬರಲಿಲ್ಲ. ಊರವರು ಎಂಥ ಗಂಡ ಎಂದು ಹೊಗಳಿದರು. ನನಗೆ ಮಾತ್ರ ಅವರನ್ನು ಕಂಡರೆ ಸಿಟ್ಟು, ಆ ಸಿಟ್ಟು ಬಂದದ್ದಕ್ಕೆ ನಾಚಿಕೆ. ಕೊನೆಗೆ ಗುಂಪಿನಲ್ಲಿ ಬರೆದೆ. ಯಾರೂ ಛೀ ಎನ್ನಲಿಲ್ಲ. ತಿಪಟೂರಿನ ಅಣ್ಣ ಬರೆದ: “ನಮ್ಮ ಮನೆಯಾಕೆಯೂ ಎಳನೀರು ಬಿಟ್ಟಿದ್ದಳಮ್ಮ. ನಾನೇ ಕೆತ್ತಿಸಿ ತಂದು, ನನ್ನ ಕಣ್ಣೆದುರು ಕುಡಿ ಎಂದೆ. ಕುಡಿದಳು, ಅತ್ತಳು. ಮಾರನೆಯ ದಿನ ತಾನೇ ಕೆತ್ತಿಸಿಕೊಂಡಳು.”

ಇದಕ್ಕೆ ಕೊಡಬೇಕಾದ ಬೆಲೆಯೂ ಉಂಟು. ಗೌರಿಬಿದನೂರಿನ ಹುಡುಗಿಯೊಬ್ಬಳು ದಿನಾ ಬೆಳಿಗ್ಗೆ ತನ್ನ ನೀರಿನ ಬಾಟಲಿಯ ಚಿತ್ರ ಹಾಕುತ್ತಿದ್ದಳು, ಇವತ್ತಿನ ಪಾಲು ಇಷ್ಟು ಎಂದು. ಒಂದು ಭಾನುವಾರ ಚಿತ್ರ ಬರಲಿಲ್ಲ. ಸೋಮವಾರವೂ ಇಲ್ಲ. ಬುಧವಾರ ಅವಳ ನಂಬರಿನಿಂದ ಅವಳ ಅಣ್ಣ ಬರೆದ. ಅವಳ ಮುಖವನ್ನು ನಾನು ನೋಡಿರಲಿಲ್ಲ, ಬಾಟಲಿಯ ಮೇಲಿನ ಹಸಿರು ಮುಚ್ಚಳ ಗೊತ್ತಿತ್ತು. ಹದಿನೈದು ದಿನ ಗುಂಪನ್ನು ತೆರೆಯಲಿಲ್ಲ. “ಅದಕ್ಕೇ ಹೇಳಿದ್ದು” ಎಂದರು ಅತ್ತೆ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಹದಿನಾರನೆಯ ದಿನ ತೆರೆದಾಗ ಹೊಸಬರೊಬ್ಬರು ಕೇಳಿದ್ದರು, ಮುದ್ದೆ ತಿನ್ನಬಹುದೇ ಎಂದು. ಉತ್ತರ ಬರೆಯುತ್ತಾ ಕೂತೆ.

ಈ ವರ್ಷ ಯಜಮಾನರಿಗೆ ಖಡಾಖಂಡಿತವಾಗಿ ಹೇಳಿ ಹಣ್ಣು ತರಿಸಿದೆ. ಅವರು ತಿಂದರು, ನಾನು ಎದುರಿಗೆ ಕೂತು ನೋಡಿದೆ. ಯಂತ್ರ ಓಡುತ್ತಿರುವ ಮೊದಲ ಗಂಟೆಯಲ್ಲಿ ಒಂದು ಚೂರು ತಿನ್ನಲು ಕೆಲವು ಡಾಕ್ಟರುಗಳು ಒಪ್ಪುತ್ತಾರೆಂದು ಮಾಲೂರಿನ ಅಕ್ಕ ಹೇಳಿದ್ದಳು. ನಮ್ಮ ಡಾಕ್ಟರನ್ನು ಕೇಳಿದೆ. ನನ್ನ ಸಕ್ಕರೆ, ಪೊಟ್ಯಾಸಿಯಂ ಎರಡನ್ನೂ ನೋಡಿ, ಬೆರಳಗಲ ಎಂದರು. ಶುಕ್ರವಾರ ಡಬ್ಬಿಯಲ್ಲಿ ಒಂದು ಹೋಳು ಬಾದಾಮಿ ಮಾವು ತೆಗೆದುಕೊಂಡು ಹೋದೆ. ತಿನ್ನುವ ಮೊದಲು ಚಿತ್ರ ತೆಗೆದು ಗುಂಪಿಗೆ ಹಾಕಿದೆ.

ಪಾವಗಡದ ಮೇಷ್ಟ್ರಿಂದ ತಕ್ಷಣ ಉತ್ತರ ಬಂತು: “ಎಷ್ಟು ಗ್ರಾಂ?”