“ತಾಯಿ ಅಲ್ಲ ಅಜ್ಜ, ತಾಯಿ!”

ಈ ವಾರ ಮುಂಬಯಿಯ ಮುಲುಂಡಿನ ಸ್ಪೀಚ್ ಥೆರಪಿ ಕೊಠಡಿಯಲ್ಲಿ ಐದು ವರ್ಷದ ನನ್ನ ಮೊಮ್ಮಗ ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ. ಮೇಜಿನ ಮೇಲೆ ಎರಡು ಚಿತ್ರಗಳಿದ್ದವು, ಒಂದು ತೆಂಗಿನಕಾಯಿ, ಇನ್ನೊಂದು ಕಂಕುಳಲ್ಲಿ ಮಗುವನ್ನು ಎತ್ತಿಕೊಂಡ ತಾಯಿ. ಬೇಕಾದ ಚಿತ್ರವನ್ನು ಹೆಸರು ಹೇಳಿ ಪಡೆಯಬೇಕು. ಅವನು ಕಾಯಿಯನ್ನೇ ನೋಡುತ್ತ “ತಾಯಿ” ಎಂದ. ಥೆರಪಿಸ್ಟ್ ತಾಯಿಯ ಚಿತ್ರವನ್ನು ಮುಂದಿಟ್ಟರು. ಅದನ್ನು ಪಕ್ಕಕ್ಕೆ ತಳ್ಳಿ, ನನ್ನತ್ತ ತಿರುಗಿ, “ತಾಯಿ ಅಲ್ಲ ಅಜ್ಜ, ತಾಯಿ!” ಎಂದ.

ಎರಡು ಸಲವೂ ಬಾಯಿಂದ ಹೊರಟದ್ದು ಒಂದೇ ಶಬ್ದ. ಮನಸ್ಸಿನಲ್ಲಿದ್ದ ಶಬ್ದಗಳು ಎರಡು. “ಕಾಯಿಯಾ?” ಎಂದು ನಾನು ಕೇಳಿದರೆ ತಕ್ಷಣ ತಲೆಯಾಡಿಸುತ್ತಾನೆ. 1960ರಲ್ಲಿ ಮಕ್ಕಳ ಭಾಷೆಯ ಸಂಶೋಧಕರಾದ ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ ದಾಖಲಿಸಿದ ಮಗುವೂ ಹೀಗೆಯೇ, ತನ್ನ ಆಟಿಕೆಯ ಮೀನನ್ನು ತಾನು ‘ಫಿಸ್’ ಎನ್ನುತ್ತಿದ್ದರೂ ದೊಡ್ಡವರು ‘ಫಿಸ್’ ಎಂದರೆ ಒಪ್ಪದೆ, ‘ಫಿಶ್’ ಎಂದಾಗ ಮಾತ್ರ ಹೌದೆನ್ನುತ್ತಿತ್ತು. ಹೀಗಿರುವಾಗ, ಶಾಲೆಯಲ್ಲಿ ಇವನನ್ನು ಎಲ್ಲರೆದುರು ನಿಲ್ಲಿಸಿ “ಗಮನವಿಟ್ಟು ಹೇಳು” ಎಂದು ಗದರಿದ ಶಿಕ್ಷಕಿಯನ್ನು ಕ್ಷಮಿಸಲು ನನಗೆ ಮನಸ್ಸಾಗುವುದಿಲ್ಲ. ಅವನಿಗೆ ಗಮನದ ಕೊರತೆಯಿಲ್ಲ. ಶ್ರವಣ ಪರೀಕ್ಷೆಯಲ್ಲಿಯೂ ಯಾವ ದೋಷವೂ ಕಂಡಿಲ್ಲ.

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿರುವ ಹಿರಿಯರೊಬ್ಬರು, ನಮ್ಮವರೇ, “ಮನೆಯಲ್ಲಿ ಕನ್ನಡ, ಕೆಳಗೆ ಆಟಕ್ಕೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ಮಗುವಿಗೆ ಗೊಂದಲವಾಗದೆ ಇನ್ನೇನು ರಾಯರೇ? ಕನ್ನಡ ಬಿಟ್ಟುಬಿಡಿ” ಎಂದು ಸಲಹೆ ಕೊಟ್ಟಿದ್ದರು. ಒಳ್ಳೆಯ ಮನುಷ್ಯರು, ಆದರೆ ಈ ಸಲಹೆಯಿಂದ ಮುಂಬಯಿಯ ಎಷ್ಟು ಮನೆಗಳಲ್ಲಿ ಅಜ್ಜಿ ಮೊಮ್ಮಕ್ಕಳ ನಡುವಿನ ಮಾತೇ ನಿಂತಿತೋ ಎಂದು ಸಂಕಟವಾಗುತ್ತದೆ. ನನ್ನ ಮೊಮ್ಮಗನಿಗೆ ಹಿಂದಿಯ ‘ಕೇಲಾ’ ‘ತೇಲಾ’ ಆಗುತ್ತದೆ, ಮರಾಠಿಯ ‘ಕಾಕಾ’ ‘ತಾತಾ’ ಆಗುತ್ತದೆ, ‘ಕೇಕ್’ ‘ತೇತ್’ ಆಗುತ್ತದೆ. ಭಾಷೆ ಯಾವುದಾದರೂ ಅದೇ ಬದಲಾವಣೆ ಅಷ್ಟು ಕ್ರಮವಾಗಿ ಬರುವಾಗ ಅದನ್ನು ಭಾಷೆಗಳ ಗೊಂದಲ ಎನ್ನುವುದು ಹೇಗೆ? ಹಲವು ಭಾಷೆ ಕೇಳಿದ್ದರಿಂದ ಉಚ್ಚಾರದ ತೊಂದರೆ ಹುಟ್ಟುವುದಿಲ್ಲವೆಂದು ಥೆರಪಿಸ್ಟ್ ಕೂಡ ಸ್ಪಷ್ಟವಾಗಿ ಹೇಳಿದರು. ಊರಿನಿಂದ ಅಕ್ಕ ಫೋನಿನಲ್ಲಿ “ನಾಲಿಗೆಗೆ ಬಜೆ ತಿಕ್ಕು” ಎಂದಳು. ಅದು ಅವಳ ಅಕ್ಕರೆ.

‘ತ’ಕ್ಕೆ ನಾಲಿಗೆಯ ತುದಿ ಹಲ್ಲನ್ನು ಮುಟ್ಟುತ್ತದೆ, ‘ಕ’ಕ್ಕೆ ನಾಲಿಗೆಯ ಹಿಂಭಾಗ ಎದ್ದು ಮೃದು ಅಂಗುಳನ್ನು ತಾಗಬೇಕು. ದಂತ್ಯ, ಕಂಠ್ಯ ಎಂದು ನಾವು ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿದ್ದು ಇದನ್ನೇ. ಬಹುತೇಕ ಮಕ್ಕಳಲ್ಲಿ 4 ವರ್ಷದ ಹೊತ್ತಿಗೆ ‘ಕ’ ನೆಲೆಗೊಳ್ಳುತ್ತದೆ. ಇವನಲ್ಲಿ ಇನ್ನೂ ಆಗಿಲ್ಲ. ಚಾಪೆಯ ಮೇಲೆ ಅಂಗಾತ ಮಲಗಿಸಿದಾಗ ನಾಲಿಗೆ ತಾನಾಗಿ ಹಿಂದಕ್ಕೆ ಸರಿದು, ಬಿಡಿಯಾಗಿ ‘ಕ್’ ಬಂತು. ಕುಳಿತು ‘ಕಾಯಿ’ ಎನ್ನಹೋದರೆ ಮತ್ತೆ ‘ತಾಯಿ’.

ಥೆರಪಿಸ್ಟ್ ಮರಾಠಿಯವರು. ತಮಗೆ ಕನ್ನಡ ಬಾರದೆಂದು ಮರಾಠಿಯಲ್ಲೇ ಆಟ ಮುಗಿಸಬಹುದಿತ್ತು. ಹಾಗೆ ಮಾಡದೆ, ಒಂದು ಧ್ವನಿಯಷ್ಟೇ ಬೇರೆಯಿರುವ ಕನ್ನಡದ ಜೋಡಿ ಪದಗಳನ್ನು ಬರೆದುಕೊಡಲು ನನ್ನನ್ನು ಕೇಳಿದರು. ಕಾಯಿ–ತಾಯಿ, ಕಲೆ–ತಲೆ ಬಂದದ್ದು ಹಾಗೆ. ಮನೆಯ ಭಾಷೆಗೆ ಅವರು ಕೊಟ್ಟ ಈ ಗೌರವಕ್ಕೆ ನಾನು ಋಣಿ. ಅವನು ‘ಗ’ವನ್ನೂ ‘ದ’ ಮಾಡುತ್ತಾನಾದ್ದರಿಂದ ಮುಂದಿನ ವಾರಕ್ಕೆ ಆ ಜೋಡಿಗಳು ಬೇಕಂತೆ. ಗಾನ–ದಾನಕ್ಕೆ ಚಿತ್ರ ಬರೆಯುವುದು ಕಷ್ಟ. ಗಾಳ–ದಾಳ ಆದೀತು, ಆದರೆ ಅದಕ್ಕೆ ಮೊದಲು ಅವನಿಗೆ ಪಗಡೆಯಾಟ ಕಲಿಸಬೇಕು.